ಫೈರ್‌ಮನ್ ಕಡೆಯ ಮೆಟ್ಟಿಲು

ಹಡಗು ಮುಳುಗಬಹುದಿತ್ತು. ಮುಳುಗದಿದ್ದರೂ ವಾಲಬಹುದಿತ್ತು; ವಾಲಿದರೆ ಚೈನು ಕಿತ್ತುಕೊಂಡು ಮೂವತ್ತು ಟನ್ನಿನ ರೈಲು ಎಂಜಿನ್ನು ಹಡಗಿನ ಹೊಟ್ಟೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡಬಹುದಿತ್ತು. ಬಂದರಿನಲ್ಲಿ ಕ್ರೇನಿನ ತಂತಿ ತುಂಡಾಗಬಹುದಿತ್ತು. ಚಕ್ರಕ್ಕೆ ಮೆತ್ತಿದ ಒಂದು ಹಿಡಿ ಮಣ್ಣಿನಲ್ಲಿ ಪರದೇಶದ ಹುಳ ಸಿಕ್ಕಿ, ಬಂದ ಹಡಗಿನಲ್ಲೇ ವಾಪಸು ಕಳಿಸಬಹುದಿತ್ತು. ಘಾಟಿಯ ತಿರುವಿನಲ್ಲಿ ಟ್ರೈಲರ್ ಹಿಂದಕ್ಕೆ ಜಾರಬಹುದಿತ್ತು. ಬಿಕ್ಕೋಡಿನ ಹತ್ತಿರ ಜೋತುಬಿದ್ದ ಕರೆಂಟು ತಂತಿ ಚಿಮಣಿಗೆ ತಗುಲಬಹುದಿತ್ತು. ಬೇಲೂರಿನ ಪೇಟೆಯಲ್ಲಿ ಮದುವೆ ದಿಬ್ಬಣ ಎದುರಾಗಬಹುದಿತ್ತು. ಅರಸೀಕೆರೆಯಲ್ಲಿ ನಾವೇ ಹಾಕಿಸಿದ ಅಡಿಪಾಯ ನಮ್ಮ ಕಣ್ಣೆದುರೇ ಕುಸಿಯಬಹುದಿತ್ತು. ಇಷ್ಟೂ ಆಗದೆ ಉಳಿದರೆ ನನಗೇ ಎದೆನೋವು ಬರಬಹುದಿತ್ತು.

ಇವೆಲ್ಲ ನನ್ನ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿವೆ. ನಾನು ಕೊನೆಗೆ ತಂದ ಆ ಒಂದು ಎಂಜಿನ್ನಿಗೇ ನೂರ ಹನ್ನೆರಡು ಕಲಮು ಬರೆದಿದ್ದೆ. ನನ್ನ ಹೆಂಡತಿ ಶಾರದ ಒಂದು ದಿನ ಅದನ್ನು ತಿರುವಿಹಾಕಿ, "ಮದುವೆಗೆ ಮುಂಚೆ ನನ್ನ ಬಗ್ಗೇನೂ ಹೀಗೇ ಬರೆದಿದ್ರಾ?" ಅಂದಳು. ಬರೆದಿರಲಿಲ್ಲ. ಆ ಕಾಲಕ್ಕೆ ಇನ್ನೂ ಅನುಭವ ಸಾಲದಾಗಿತ್ತು.

ಈಗ ಐವತ್ನಾಲ್ಕನೇ ವಯಸ್ಸಿಗೇ ಸಾಕೆನಿಸಿ ಮನೆಯಲ್ಲಿ ಕೂತಿದ್ದೇನೆ. ಸೊಂಟ ಹೋಗಿದೆ. ಭಾರ ಎತ್ತಿ ಹೋಯಿತು ಎಂದು ಎಲ್ಲರ ಹತ್ತಿರ ಹೇಳುತ್ತೇನೆ. ಡಾಕ್ಟರು ಮಾತ್ರ, ಬೇರೆಯವರು ಭಾರ ಎತ್ತುವುದನ್ನು ಇಪ್ಪತ್ತು ವರ್ಷ ಬಗ್ಗಿ ನೋಡಿದ್ದಕ್ಕೆ ಹೋಗಿದೆ ಅನ್ನುತ್ತಾರೆ. ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು, "ಸಾರ್, ನಿಮ್ಮ ಅನುಭವ ಬರ್ಕೊಡಿ, ನಮಗೆ ಉಪಯೋಗಕ್ಕೆ ಬರುತ್ತೆ" ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಉಪಯೋಗಕ್ಕೆ ಬರುವ ಭರವಸೆಯೇನೂ ಇಲ್ಲ.

ನಾನು ಅರಸೀಕೆರೆಯ ರೈಲ್ವೆ ಶೆಡ್ಡಿಗೆ ಫಿಟ್ಟರ್ ಆಗಿ ಸೇರಿದಾಗ ಹೊಗೆ ಎಂಜಿನ್ನುಗಳು ಕೊನೆಯುಸಿರು ಎಳೆಯುತ್ತಿದ್ದವು. ನಾನು ಕೆಲಸ ಕಲಿಯುವ ಹೊತ್ತಿಗೆ ಕೆಲಸವೇ ಇರಲಿಲ್ಲ. ಆದರೂ ಒಂದು ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಶೆಡ್ಡಿನ ಮುಂದೆ ನೆಲದಲ್ಲಿ ಒಂದು ದೊಡ್ಡ ದುಂಡು ಗುಂಡಿ. ಗುಂಡಿಯ ಮೇಲೆ ಹಳಿ ಹೊತ್ತ ಟರ್ನ್‌ಟೇಬಲ್ಲು. ಹಿಂದುಮುಂದಾಗಿ ಬಂದ ಎಂಜಿನ್ನನ್ನು ಅದರ ಮೇಲೆ ನಿಲ್ಲಿಸಿ, ಇಬ್ಬರು ಆಸಾಮಿಗಳು ಬೀಡಿ ಕಚ್ಚಿಕೊಂಡೇ ತಳ್ಳಿದರೆ ಅಷ್ಟು ದೊಡ್ಡ ಎಂಜಿನ್ನು ಬೀಸುವ ಕಲ್ಲಿನ ಹಾಗೆ ಸದ್ದಿಲ್ಲದೆ ತಿರುಗಿ ನಿಲ್ಲುತ್ತಿತ್ತು. ಶೆಡ್ಡಿನವರಿಗೆ ಎಂಜಿನ್ನಿನ ಮುಖ ಎತ್ತ ಇದೆ ಅನ್ನುವುದು ಯಾವತ್ತೂ ತಲೆನೋವಿನ ವಿಷಯವಲ್ಲ. ಬೇಕಾದರೆ ತಿರುಗಿಸಿಕೊಂಡರಾಯಿತು.

ಶೆಡ್ಡು ಮುಚ್ಚಿದ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದು ಹಳೆ ಎಂಜಿನ್ ಉಳಿಸುವ ಈ ಸಂಸ್ಥೆಗೆ ಬಂದೆ. ನಮ್ಮ ಕಡೆ ಓಡಿದ ಎಷ್ಟೋ ಎಂಜಿನ್ನುಗಳನ್ನು ಹಳೆಯ ಕಾಲದಲ್ಲಿ ಪರದೇಶಗಳಿಗೆ ಮಾರಿದ್ದರು. ಸಕ್ಕರೆ ಕಾರ್ಖಾನೆಯಲ್ಲೋ ಮರದ ಮಿಲ್ಲಿನಲ್ಲೋ ಸವೆಯುವವರೆಗೆ ದುಡಿದು, ಈಗ ಹುಲ್ಲಿನ ನಡುವೆ ನಿಂತಿವೆ. ಅವನ್ನು ಹುಡುಕಿ ಊರಿಗೆ ತರುವುದು ನಮ್ಮ ಕೆಲಸ. ಕೇಳಲು ಬಹಳ ಚೆನ್ನಾಗಿದೆ. ವಿಮಾನದಲ್ಲಿ ಹೋಗಿ ಎಂಜಿನ್ನಿಗೆ ಹಾರ ಹಾಕಿ ಕರೆದುಕೊಂಡು ಬರುತ್ತೇವೆಂದು ನಮ್ಮ ನೆಂಟರಿಷ್ಟರು ತಿಳಿದಿದ್ದಾರೆ. ನಿಜವಾದ ಕೆಲಸವೆಂದರೆ ಮಣ್ಣು ತೊಳೆಯುವುದು. ವಾರಗಟ್ಟಲೆ ಮಣ್ಣು, ಗ್ರೀಸು, ಹಕ್ಕಿಯ ಹಿಕ್ಕೆ ತೊಳೆಯುವುದು. ಉಳಿದ ಹೊತ್ತಿನಲ್ಲಿ ಕಾಗದಕ್ಕೆ ಸೀಲು ಹಾಕಿಸಲು ಕಾಯುವುದು.

ನಾನು ತಂದ ಮೊದಲನೇ ಎಂಜಿನ್ನು ಒಂದು ಮರದ ಮಿಲ್ಲಿನದು. ಮೂರು ದಿನ ನೀರು ಹೊಡೆದು, ಹಳೆ ಟೂತ್‌ಬ್ರಷ್ಷಿನಲ್ಲಿ ಚಕ್ರದ ಸಂದಿ ಉಜ್ಜಿ, ಹೊಸ ಸ್ಟೀಲ್ ಪಾತ್ರೆಯ ಹಾಗೆ ಮಾಡಿ ಕಳಿಸಿದ್ದೆ. ನಮ್ಮ ಬಂದರಿನಲ್ಲಿ ತಪಾಸಣೆಗೆ ಬಂದ ಅಧಿಕಾರಿ ಸುತ್ತಲೂ ನೋಡಿ ತಲೆದೂಗಿದರು. ಆಮೇಲೆ ಕುತೂಹಲಕ್ಕೆಂದು ಬೆಂಕಿಗೂಡಿನ ಬಾಗಿಲು ತೆಗೆದರು. ಒಳಗೆ ಮಂಡಿಯೆತ್ತರದ ಒಂದು ಗಿಡ ಬೆಳೆದಿತ್ತು. ಚಿಮಣಿಯಿಂದ ಇಳಿದ ಬೆಳಕಿಗೆ ಮುಖಮಾಡಿ, ಹಾಯಾಗಿ.

"ಇದಕ್ಕೆ ಪರ್ಮಿಟ್ ಇದೆಯೇನ್ರೀ?" ಅಂದರು ಅಧಿಕಾರಿ, ಒಂದು ಎಲೆ ಕಿತ್ತು ಮೂಸುತ್ತ.

ಹತ್ತೊಂಬತ್ತು ದಿನ ಬಂದರಿನಲ್ಲಿ ಕೂತೆ. ನೀಲಿ ನೋಟ್‌ಬುಕ್ಕು ಶುರುವಾಗಿದ್ದೇ ಆಗ. ಕಲಮು ಒಂದು: ಒಳಗೂ ನೋಡು.

ನನ್ನ ಮೇಲಧಿಕಾರಿ ರಾವ್ ಸಾಹೇಬರು. ಈಗಿಲ್ಲ. ನಲವತ್ತು ವರ್ಷ ಹಳಿ ತಪ್ಪಿದ ಗಾಡಿ ಎತ್ತುವ ಬ್ರೇಕ್‌ಡೌನ್ ಕ್ರೇನಿನ ಜೊತೆ ಊರೂರು ತಿರುಗಿದ್ದ ಇಂಜಿನಿಯರ್. ಯಾರ ಮೇಲೂ ದನಿಯೆತ್ತಿದವರಲ್ಲ. ಆದರೆ ಅವರದೊಂದು ನೇಮವಿತ್ತು. ಎತ್ತುವುದಕ್ಕೆ ಎಲ್ಲ ಸಿದ್ಧವಾಗಿ, ಕೊಕ್ಕೆ ಬಿಗಿದು, ಇನ್ನೇನು ಸನ್ನೆ ಮಾಡಬೇಕು ಅನ್ನುವಾಗ ಎಲ್ಲರನ್ನೂ ಹಿಂದಕ್ಕೆ ಕರೆಯುತ್ತಿದ್ದರು. ಒಂದು ಕುರ್ಚಿ ಹಾಕಿಸಿಕೊಂಡು ಕೂತು, ಟೀ ತರಿಸಿ, ಒಂದೂ ಮಾತಾಡದೆ ಎಂಜಿನ್ನನ್ನೇ ನೋಡುತ್ತ ಕುಡಿಯುತ್ತಿದ್ದರು. ಬಾಡಿಗೆ ಕ್ರೇನಿನವರು ಒಳಗೊಳಗೇ ಬೈದುಕೊಳ್ಳುತ್ತಿದ್ದರು. ಒಂದು ಸಲ ನಾನೇ ಕೇಳಿದೆ.

"ಏನ್ ನೋಡ್ತೀರಿ ಸಾರ್ ಅಷ್ಟು ಹೊತ್ತು?"

"ಏನೂ ಇಲ್ಲ ಕಣಯ್ಯ ನಾಗರಾಜು. ನೀನು ಭಯಪಡೋದನ್ನೆಲ್ಲ ಬರೆದಿಟ್ಟಿರ್ತೀಯ. ನೀನು ಭಯಪಡದೆ ಇರೋದು ಏನಾದ್ರೂ ಉಳಿದಿದೆಯಾ ಅಂತ ನೋಡ್ತೀನಿ."

ಆಗ ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಕೆಲಸದ ರೀತಿ ಬದಲಾಗಿದೆ, ಅದನ್ನೂ ಹೇಳಬೇಕು. ಮೊದಲು ಜಾಕಿ, ಸ್ಲೀಪರ್, ಹಾರೆ. ಇಂಚಿಂಚಾಗಿ ಎತ್ತಿ, ಬೆಣೆ ಹೊಡೆದು, ಇಪ್ಪತ್ತು ಜನ ಒಂದೇ ದನಿಯಲ್ಲಿ ಕೂಗಿ ಜರುಗಿಸುತ್ತಿದ್ದರು. ಒಂದು ಎಂಜಿನ್ನನ್ನು ಟ್ರೈಲರಿಗೆ ಏರಿಸಲು ಎರಡು ದಿನ. ಈಗ ಟ್ರೈಲರೇ ಬಗ್ಗುತ್ತದೆ, ಏಳುತ್ತದೆ. ಒಬ್ಬ ಡ್ರೈವರ್ ಕುತ್ತಿಗೆಗೆ ರಿಮೋಟ್ ನೇತುಹಾಕಿಕೊಂಡು ಪಕ್ಕದಲ್ಲಿ ನಡೆಯುತ್ತಾನೆ. ಲೇಸರ್ ಅಳತೆ ಒಂದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಏನನ್ನು ಅಳೆಯಬೇಕು ಎಂದು ಮಾತ್ರ ಅದು ಹೇಳುವುದಿಲ್ಲ. ಎರಡು ದಿನ ಹಿಡಿಯುತ್ತಿದ್ದಾಗ ಯಾರಾದರೊಬ್ಬರು, "ಸ್ವಲ್ಪ ಇರ್ರಪ್ಪಾ" ಅನ್ನುವುದಕ್ಕೆ ಪುರಸೊತ್ತು ಇರುತ್ತಿತ್ತು. ಈಗ ನಲವತ್ತು ನಿಮಿಷ.

ಇನ್ನು ನನ್ನ ಕೊನೆಯ ಎಂಜಿನ್ನಿನ ವಿಷಯ. ಅರಸೀಕೆರೆ ಯಾರ್ಡಿನಲ್ಲಿ ಡಬ್ಬಿಗಳನ್ನು ಅತ್ತಿತ್ತ ಎಳೆದು ಶಂಟಿಂಗ್ ಮಾಡುತ್ತಿದ್ದ ಒಂದು ಪುಟ್ಟ ಎಂಜಿನ್ನು ಆಫ್ರಿಕದ ಪೂರ್ವ ಕರಾವಳಿಯ ಸಕ್ಕರೆ ಕಾರ್ಖಾನೆಯಲ್ಲಿ ಪತ್ತೆಯಾಗಿದೆ, ವಾಪಸು ಬರುತ್ತದೆ ಎಂದು ಪತ್ರಿಕೆಯಲ್ಲಿ ಬಂತು. ಅದಾದ ನಾಲ್ಕನೇ ದಿನ ಬೇಲೂರಿನಿಂದ ಬಸ್ಸಿನಲ್ಲಿ ಒಬ್ಬ ಹೆಂಗಸು ನಮ್ಮ ಆಫೀಸಿಗೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಮಂಡಿನೋವು, ಕೈಯಲ್ಲಿ ಮಡಿಸಿದ ಪತ್ರಿಕೆ. ಹೆಸರು ಸರೋಜಮ್ಮ, ಪ್ರೈಮರಿ ಸ್ಕೂಲಿನ ಟೀಚರಾಗಿ ರಿಟೈರಾದವರು.

"ನೀವೇನಪ್ಪಾ ಇಂಜಿನ್ ತರೋರು?"

"ಹೌದಮ್ಮ. ಕೂತ್ಕೊಳ್ಳಿ."

"ನಮ್ಮಪ್ಪ ಅದರಲ್ಲಿ ಕಲ್ಲಿದ್ದಲು ಹಾಕೋ ಫೈರ್‌ಮನ್ ಆಗಿದ್ರು. ಅರಸೀಕೆರೆ ಹತ್ರ ಗಂಡಸಿ ಕಡೆಯೋರು. ಅದರ ಮೇಲೆ ನನ್ನ ಹೆಸರಿದೆ, ನೋಡ್ತೀರಾ?"



ಅವರು ಹೇಳಿದ್ದು ಇಷ್ಟು. ಅವರಪ್ಪ ನಿಂಗೇಗೌಡರಿಗೆ ಓದು ಬರಹ ಬರುತ್ತಿರಲಿಲ್ಲ. ಸಂಬಳಕ್ಕೂ ಹೆಬ್ಬೆಟ್ಟು, ಸಾಯುವಾಗ ಆಸ್ಪತ್ರೆಯ ಕಾಗದಕ್ಕೂ ಹೆಬ್ಬೆಟ್ಟು. ಮಗಳು ಹುಟ್ಟಿ ಹೆಸರಿಟ್ಟ ವಾರ, ಶೆಡ್ಡಿನ ಗುಮಾಸ್ತರೊಬ್ಬರ ಕೈಲಿ ಎಂಜಿನ್ನಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಹೆಸರು ಬರೆಸಿಕೊಂಡು, ಸೆಂಟರ್ ಪಂಚ್ ಮತ್ತು ಸುತ್ತಿಗೆ ಹಿಡಿದು, ಸುಣ್ಣದ ಗೆರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದಿದ್ದರಂತೆ. ಫೈರ್‌ಮನ್ ಹತ್ತುವ ಮೆಟ್ಟಿಲ ಪಕ್ಕ. ದಿನಾ ಹತ್ತುವಾಗ ಎದೆಮಟ್ಟಕ್ಕೆ ಸಿಗುವ ಹಾಗೆ.

"ಅದನ್ನ ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ. ನಮ್ಮ ಅಣ್ಣಂದಿರೇ ನಗೋರು. ಸ್ಕೂಲಲ್ಲಿ ನನ್ನನ್ನ ಇಂಜಿನ್ ಸರೋಜಿ ಅಂತ್ಲೇ ಕೂಗೋರು," ಅಂದರು. "ಮೂವತ್ತಾರು ವರ್ಷ ನಾನು ಮಕ್ಕಳಿಗೆ ಅಕ್ಷರ ತಿದ್ದಿಸಿದೀನಪ್ಪ. ನಮ್ಮಪ್ಪ ಬರ್ದಿದ್ದು ಅದೊಂದೇ. ಅದನ್ನ ನಾನು ನೋಡಿಲ್ಲ. ನಾನು ದೊಡ್ಡೋಳಾಗೋ ಹೊತ್ತಿಗೆ ಇಂಜಿನ್ನೇ ಹೋಗಿತ್ತು."

ನಾನು ನೋಟ್‌ಬುಕ್ ತೆಗೆದು ಬರೆದುಕೊಂಡೆ. ಅವರಿಗೆ ಅದು ಭರವಸೆಯಾಗಿ ಕಂಡಿರಬೇಕು. ನನಗೆ ಅದು ಒಂದು ಹೊಸ ಚಿಂತೆ.

ಆಫ್ರಿಕಕ್ಕೆ ಹೋಗಿ ನೋಡಿದರೆ, ಸಕ್ಕರೆ ಕಾರ್ಖಾನೆಯಲ್ಲಿದ್ದ ಎಂಜಿನ್ನಿನ ಮೇಲೆ ಎಷ್ಟು ಪದರ ಬಣ್ಣವಿತ್ತೋ ಲೆಕ್ಕವಿಲ್ಲ. ಹಸಿರು, ಕೆಂಪು, ಮತ್ತೆ ಹಸಿರು. ಎರಡು ದಿನ ಸೀಮೆಎಣ್ಣೆ ಬಟ್ಟೆಯಲ್ಲಿ ನೆನೆಸಿ, ಮೊಂಡು ಚಾಕುವಿನಿಂದ ಕೆರೆದೆ. ಮೂರನೇ ದಿನ ಬೆಳಿಗ್ಗೆ ಉಗುರಿಗೆ ಒಂದು ಚುಕ್ಕೆ ತಾಗಿತು. ಪಕ್ಕದಲ್ಲಿ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಹೆಸರು ಪೂರ್ತಿ ಎದ್ದಿತು. ಸಾಲು ಸೊಟ್ಟಗಿತ್ತು, ಅಕ್ಷರಗಳು ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಫೋಟೋ ತೆಗೆದು ಕಳಿಸಿದೆ. ಸರೋಜಮ್ಮ ಫೋನ್ ಮಾಡಿದರು.

"ಫೋಟೋ ಸರಿಯಾಗಿ ಕಾಣಲ್ಲಪ್ಪ, ಬರೀ ಕಪ್ಪು. ಇರ್ಲಿ ಬಿಡಿ. ಇದೆ ತಾನೆ?"

"ಇದೆ ಅಮ್ಮ. ನಾನೇ ಮುಟ್ಟಿ ನೋಡಿದೀನಿ."

"ಹಾಗಾದ್ರೆ ತನ್ನಿ. ಎದುರಿಗೆ ನಿಂತು ನೋಡ್ತೀನಿ."

ಅಂದಿನಿಂದ ನನಗೆ ಎಂಜಿನ್ನಿನ ಚಿಂತೆ ಕಡಿಮೆಯಾಗಿ, ಆ ಒಂದು ಗೇಣು ತಗಡಿನ ಚಿಂತೆ ಹೆಚ್ಚಾಯಿತು. ನೋಟ್‌ಬುಕ್ಕಿನಲ್ಲಿ ಅದಕ್ಕೇ ಒಂಬತ್ತು ಕಲಮುಗಳಿವೆ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು: ಎಣ್ಣೆ ಸವರಿ ಮೇಣದ ಕಾಗದ ಅಂಟಿಸಿದೆ. ಚೈನು ಉಜ್ಜಬಾರದು: ಹಳೆ ಟೈರಿನ ತುಂಡು ಕಟ್ಟಿದೆ. ಊರಿಗೆ ಬಂದ ಮೇಲೆ ಬಣ್ಣದವರು ಬಳಿದುಬಿಡಬಾರದು: ಕನ್ನಡದಲ್ಲಿ, ಹಿಂದಿಯಲ್ಲಿ ಚೀಟಿ ಹಚ್ಚಿದೆ. ಯಾರೂ ಬಳಿಯಲಿಲ್ಲ. ಹಡಗೂ ಮುಳುಗಲಿಲ್ಲ.

ಮಂಗಳೂರಿನಿಂದ ಘಾಟಿ ಹತ್ತಿ ಸಕಲೇಶಪುರಕ್ಕೆ ಬಂದೆವು. ಹಾಸನದ ದಾರಿಯಲ್ಲಿ ಒಂದು ಸೇತುವೆ ರಿಪೇರಿ ನಡೆದಿದ್ದರಿಂದ ಅರೇಹಳ್ಳಿ, ಬಿಕ್ಕೋಡು, ಬೇಲೂರು, ಹಳೇಬೀಡಿನ ಮೇಲೆ ಹಾದು ಅರಸೀಕೆರೆಗೆ ಹೋಗುವುದೆಂದಾಯಿತು. ಟ್ರೈಲರಿನ ಡ್ರೈವರ್ ಮಂಜಣ್ಣ ಬಾಣಾವರದವನು. ಕಾಫಿ ತೋಟದ ಜೀಪುಗಳನ್ನು ಸೊಳ್ಳೆ ಓಡಿಸಿದ ಹಾಗೆ ಪಕ್ಕಕ್ಕೆ ಸರಿಸುತ್ತ ಬಂದ. ನಾನು ಮುಂದೆ ನಡೆಯುತ್ತ ಬಿದಿರು ಗಳದಿಂದ ತಂತಿ ಎತ್ತುತ್ತಿದ್ದೆ.

"ಸಾ, ನೀವು ಹತ್ತಿ ಕೂತ್ಕಳಿ ಸಾ. ನೀವು ಮುಂದೆ ನಡೆಯೋದ್ ನೋಡುದ್ರೆ ಜನ ಇದೇನೋ ಸಾವು ಅನ್ಕಂತವ್ರೆ."

ಬೇಲೂರಿನಲ್ಲಿ ಸರೋಜಮ್ಮ ರಸ್ತೆಬದಿಗೆ ಬಂದು ನಿಂತಿದ್ದರು. ಬೆಳಿಗ್ಗೆ ಏಳಕ್ಕೇ ಬಂದರಂತೆ. ನಾವು ಬಂದಾಗ ಹತ್ತೂವರೆ. ಒಂದು ಮೊಳ ಮಲ್ಲಿಗೆ ತಂದಿದ್ದರು. ಎಂಜಿನ್ನಿಗೆ ಮೇಲಿನಿಂದ ಕೆಳಗಿನವರೆಗೆ ಟಾರ್ಪಾಲು ಬಿಗಿದಿತ್ತು. ಅವರು ಕೇಳಿದರು, ಬಹಳ ಸಂಕೋಚದಿಂದ:

"ಆ ಮೂಲೆ ಒಂದಿಷ್ಟು ಬಿಚ್ಚೋಕಾಗುತ್ತಾ?"

ಮಂಜಣ್ಣ ಆಗಲೇ ಗಂಟಿಗೆ ಕೈ ಹಾಕಿದ್ದ. ನಾನು ತಡೆದೆ. ಊರು ದಾಟಲು ಪೊಲೀಸರು ಕೊಟ್ಟಿದ್ದ ಹೊತ್ತು ಹನ್ನೊಂದಕ್ಕೆ ಮುಗಿಯುತ್ತಿತ್ತು. ಒಂದು ಗಂಟು ಬಿಚ್ಚಿದರೆ ಗಾಳಿಗೆ ಟಾರ್ಪಾಲು ಪೂರ್ತಿ ಹಾರುತ್ತದೆ ಎಂದು ಎಂಬತ್ನಾಲ್ಕನೇ ಕಲಮಿನಲ್ಲಿ ನಾನೇ ಬರೆದಿದ್ದೆ.

"ಇಲ್ಲಿ ಧೂಳಲ್ಲಿ ಬೇಡಮ್ಮ. ಅರಸೀಕೆರೇಲಿ ನಿಲ್ಲಿಸಿದ ಮೇಲೆ ಆರಾಮವಾಗಿ ನೋಡುವಿರಂತೆ. ಎದುರಿಗೇ ಕುರ್ಚಿ ಹಾಕಿಸ್ತೀನಿ."

"ಅದೂ ಸರಿನೇ," ಅಂದರು. ಟಾರ್ಪಾಲಿನ ಮೇಲೆ ಒಮ್ಮೆ ಕೈ ಸವರಿ, ಮಲ್ಲಿಗೆಯನ್ನು ಮಂಜಣ್ಣನ ಕೈಗೆ ಕೊಟ್ಟು ರಸ್ತೆ ಬಿಟ್ಟು ನಿಂತರು.

ಹಳೇಬೀಡಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಪ್ರವಾಸಿಗಳು ಟಾರ್ಪಾಲಿನ ಫೋಟೋ ಹೊಡೆಯತೊಡಗಿದರು. ಒಬ್ಬ ಗೈಡು ಬಂದು, "ಒಳಗೆ ಯಾವ ದೇವ್ರಣ್ಣ?" ಅಂದ. ಮಂಜಣ್ಣ ಮುದ್ದೆ ನುಂಗುತ್ತ, "ಕರಿಯಮ್ಮ ಕಣ್ಲಾ. ಬೆಂಕಿ ತಿಂತಾಳೆ, ಹುಷಾರು," ಅಂದ. ಗೈಡು ಕೈಮುಗಿದು ಹೋದ. ಈ ಕೆಲಸದಲ್ಲಿ ನಾನು ಮನಸಾರೆ ನಕ್ಕ ದಿನಗಳು ಬೆರಳೆಣಿಕೆಯವು, ಅದರಲ್ಲಿ ಇದೊಂದು.

ಅರಸೀಕೆರೆಯಲ್ಲಿ ಸ್ಟೇಷನ್ನಿನ ಹೊರಗೆ, ಹಳೆ ಗೂಡ್ಸ್ ಶೆಡ್ಡಿನ ಕಲ್ಲುಗೋಡೆಗೆ ಒತ್ತಿಕೊಂಡು ಜಾಗ ಕೊಟ್ಟಿದ್ದರು. ಮುಂದೆ ಜನ ಓಡಾಡಲು ದಾರಿ ಬಿಡಬೇಕಾಗಿತ್ತು. ಹಾಗಾಗಿ ಎಂಜಿನ್ನಿಗೂ ಗೋಡೆಗೂ ನಡುವೆ ಉಳಿದದ್ದು ಒಂದು ಗೇಣು. ಅದನ್ನು ಲೇಸರಿನಲ್ಲಿ ಅಳೆದಿದ್ದೆ. ಅಡಿಪಾಯಕ್ಕೆ ಕಬ್ಬಿಣದ ಗುಂಡು ಎತ್ತಿಹಾಕಿ ನೋಡಿದ್ದೆ. ಕ್ರೇನು ಬಂತು, ಕೊಕ್ಕೆ ಬಿಗಿಯಿತು. ಕುರ್ಚಿ ಹಾಕಿ ಟೀ ತರಿಸಬೇಕಾದ ಹೊತ್ತು ಅದು. ಕಣಕಟ್ಟೆ ಕಡೆಯಿಂದ ಮೋಡ ಕಪ್ಪಗೆ ಏಳುತ್ತಿತ್ತು. ಗಾಳಿ ಬಂದರೆ ಎತ್ತಕೂಡದು, ತೊಂಬತ್ತಾರನೇ ಕಲಮು. ಟೀ ಬಿಟ್ಟೆ.

ಎಂಜಿನ್ನು ಮೇಲೆದ್ದು ತೂಗಾಡುತ್ತಿರುವಾಗ ಮಂಜಣ್ಣ ಕೂಗಿದ: "ಸಾ, ಮುಖ ಯಾವ್ ಕಡೀಕೆ? ಪೂರ್ವಕ್ಕಿರ್ಲಿ ಸಾ, ಒಳ್ಳೇದಾಯ್ತದೆ."

"ಎಂಜಿನ್ ತಾನೆ ಕಣೋ, ಯಾವ ಕಡೆಯಾದ್ರೂ ಆಯ್ತು. ಬೇಗ ಇಳಿಸೋಕ್ ಹೇಳು!"

ಪೂರ್ವಕ್ಕೇ ಮುಖ ಮಾಡಿ ಇಳಿಸಿದರು. ಮಳೆ ಬರುವ ಮುಂಚೆ ಚಕ್ರಕ್ಕೂ ಹಳಿಗೂ ಬೆಸುಗೆ ಹಾಕಿ, ಬೋಲ್ಟಿನ ಸುತ್ತ ಕಾಂಕ್ರೀಟು ಸುರಿದೆವು. ಕ್ರೇನು ಹೊರಟುಹೋಯಿತು. ನೂರ ಹನ್ನೆರಡೂ ಕಲಮುಗಳ ಮೇಲೆ ಗೀಟು ಎಳೆದೆ. ಎಷ್ಟೋ ವರ್ಷಗಳ ಮೇಲೆ ಅವತ್ತು ಕೂತಲ್ಲೇ ಕಣ್ಣು ಮುಚ್ಚಿಬಂತು.

ಮಾರನೇ ಬೆಳಿಗ್ಗೆ ಸರೋಜಮ್ಮನಿಗೆ ಕುರ್ಚಿ ಹಾಕಿಸಲು ಹೋದೆ. ಎಲ್ಲಿ ಹಾಕಬೇಕು ಎಂದು ನೋಡುತ್ತ ನಿಂತಾಗಲೇ ಹೊಳೆದದ್ದು. ನನ್ನೆದುರಿಗೆ ಇದ್ದದ್ದು ಡ್ರೈವರ್ ಹತ್ತುವ ಮೆಟ್ಟಿಲು. ಫೈರ್‌ಮನ್ ಮೆಟ್ಟಿಲು, ಪಕ್ಕದ ಹೆಸರೂ ಸೇರಿ, ಗೋಡೆಯ ಕಡೆಗಿತ್ತು.

ತಿರುಗಿಸಬಹುದಲ್ಲ ಎಂದು ಒಂದು ಕ್ಷಣ ನಿಜಕ್ಕೂ ಅಂದುಕೊಂಡೆ. ಟರ್ನ್‌ಟೇಬಲ್ಲಿದ್ದ ಗುಂಡಿಯ ಕಡೆಗೆ ತಲೆಯೆತ್ತಿಯೂ ನೋಡಿದೆ. ಅದನ್ನು ಮುಚ್ಚಿ ಎಷ್ಟು ಕಾಲವಾಯಿತೋ. ಈಗ ಅಲ್ಲಿ ಬೈಕು ನಿಲ್ಲಿಸುತ್ತಾರೆ.

ಸರೋಜಮ್ಮ ಹತ್ತು ಗಂಟೆಯ ಬಸ್ಸಿಗೆ ಬಂದರು. ಇಸ್ತ್ರಿ ಮಾಡಿದ ರೇಷ್ಮೆ ಸೀರೆ, ಹೊಸ ಕನ್ನಡಕ. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕ್ರೇನು ಮತ್ತೆ ತರಿಸಲು ಬರೆದುಕೊಳ್ಳುತ್ತೇನೆ, ಬೆಸುಗೆ ಕತ್ತರಿಸಬಹುದು, ಗೋಡೆಯವರಿಗೆ ಅರ್ಜಿ ಕೊಡುತ್ತೇನೆ, ಫೋನನ್ನು ಸಂದಿಯಲ್ಲಿ ತೂರಿಸಿ ಇನ್ನೊಂದು ಫೋಟೋ ತೆಗೆಯುತ್ತೇನೆ, ಹೀಗೆ. ಅವರು ಗೋಡೆಯನ್ನೂ ಎಂಜಿನ್ನನ್ನೂ ಒಂದು ಸುತ್ತು ನೋಡಿದರು.

"ಮಾತು ಕೇಳದ ಹುಡುಗ್ರನ್ನ ನಾನೂ ಹೀಗೇ ಗೋಡೆ ಕಡೆ ತಿರುಗಿಸಿ ನಿಲ್ಲಿಸ್ತಿದ್ದೆ," ಅಂದರು. "ಇದೇನು ತಪ್ಪು ಮಾಡಿತ್ತಪ್ಪಾ?"

ನಾನು ಎಂಜಿನ್ನಿನ ಮೂಲೆಗೆ ಹೋಗಿ ಸಂದಿಯೊಳಗೆ ಬಗ್ಗಿ ನೋಡಿದೆ.

"ಎಷ್ಟು ದೂರಕ್ಕಿದೆ, ಮೂಲೆಯಿಂದ?"

"ಒಂದು ಮೊಳ ಅಮ್ಮ. ಕೈ ಎತ್ತಿದ್ರೆ ಸಿಗೋ ಎತ್ತರ."

ಅವರು ಎಂಜಿನ್ನಿನ ಹಿಂಬದಿಗೆ ಹೋಗಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಬಳೆಗಳನ್ನು ಮೊಣಕೈವರೆಗೆ ಸರಿಸಿ, ಗೋಡೆಗೆ ಕೆನ್ನೆ ಒತ್ತಿ ಆ ಸಂದಿಯಲ್ಲಿ ತೋಳು ತೂರಿಸಿದರು. ರೇಷ್ಮೆ ಸೀರೆಗೆ ಸುಣ್ಣದ ಧೂಳು ಮೆತ್ತಿತು. ತೋಳು ಹುಡುಕಾಡಿ ಒಂದು ಕಡೆ ನಿಂತಿತು. ಆಮೇಲೆ ನಿಧಾನವಾಗಿ ಚಲಿಸಿತು. ಎಡದಿಂದ ಬಲಕ್ಕೆ, ನಿಂತು, ಸ್ವಲ್ಪ ಹಿಂದೆ ಬಂದು, ಮತ್ತೆ ಮುಂದಕ್ಕೆ. ಮಕ್ಕಳ ಸ್ಲೇಟಿನ ಮೇಲೆ ತಿದ್ದಿಸುವ ಹಾಗೆ.

ಬಹಳ ಹೊತ್ತಾದ ಮೇಲೆ, ಗೋಡೆಗೆ ಒರಗಿಕೊಂಡೇ ಅಂದರು:

"ಎಷ್ಟು ಒತ್ತಿ ಬರ್ದಿದಾರೆ ನೋಡಿ. ಹೊಸದಾಗಿ ಕಲಿಯೋರು ಹೀಗೇ ಒತ್ತೋದು."

ನಾನು ಅವರ ಕನ್ನಡಕ ಹಿಡಿದುಕೊಂಡು ನಿಂತಿದ್ದೆ. ಕೈಯನ್ನು ಅವರು ಹೊರಗೆ ತೆಗೆಯಲಿಲ್ಲ. ಎಂಜಿನ್ನು ತಿರುಗಿಸಲು ಅರ್ಜಿ ಕೊಟ್ಟಿದ್ದೇನೆ, ಪರಿಶೀಲನೆಯಲ್ಲಿದೆಯಂತೆ. ಎಂಜಿನ್ನಿನ ಮುಖ ಇನ್ನೂ ಪೂರ್ವಕ್ಕೇ ಇದೆ.